ಚೆಕ್‌ರೋಲ್, ಮಳೆ ಲೆಕ್ಕ, ಕನ್ನಡ ಟೈಪಿಂಗ್: ಹಳೆಯ ಲ್ಯಾಪ್‌ಟಾಪಿಗೆ ಗ್ನೋಮ್ ಬಿಟ್ಟರೆ ಯಾವ ಡೆಸ್ಕ್‌ಟಾಪ್?

ನಾಪೋಕ್ಲು ಬೆಳೆಗಾರ · 2025 ಜುಲೈ 6, ರಾತ್ರಿ 9.10

ನಮಸ್ಕಾರ. ನಾಪೋಕ್ಲು ಸಮೀಪ ನಮ್ಮದು ಸಣ್ಣ ಕಾಫಿ ತೋಟ. ಮನೆಗೆಲ್ಲ ಇರುವುದು ಒಂದೇ ಲ್ಯಾಪ್‌ಟಾಪ್. 2017ರಲ್ಲಿ ಕೊಂಡ, ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನ, 8 ಜಿಬಿ ಮೆಮೊರಿಯ, 14 ಇಂಚಿನ ಫುಲ್ ಎಚ್‌ಡಿ ಪರದೆಯ ಯಂತ್ರ. ಇದಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ ಎಂದು ತಿಳಿದ ಮೇಲೆ, ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಲ್ಲುವ ಈ ಅಕ್ಟೋಬರ್ 14ರ ಗಡುವು ಬರುವವರೆಗೆ ಕಾಯುವುದೇಕೆ ಎಂದು 2023ರಲ್ಲೇ ಅದರ ಬದಲಿಗೆ ಉಬುಂಟು 22.04 ಎಂಬ ಲಿನಕ್ಸ್ ವ್ಯವಸ್ಥೆ ಹಾಕಿಕೊಂಡೆ. ಎರಡು ವರ್ಷ ತೊಂದರೆಯಿಲ್ಲದೆ ನಡೆಯಿತು. ಹೋದ ತಿಂಗಳು 24.04ಕ್ಕೆ ಅಪ್‌ಗ್ರೇಡ್ ಮಾಡಿದ್ದೇ ತಡ, ಮನೆಯಲ್ಲಿ ದಿನಕ್ಕೊಂದು ದೂರು.

ಲ್ಯಾಪ್‌ಟಾಪನ್ನು ಹೆಚ್ಚು ಬಳಸುವವರು ನನ್ನ ತಂದೆ. ಬೆಳಗ್ಗೆ ಮಳೆಮಾಪಕ ನೋಡಿ ಬಂದು ಇಂಚು, ಸೆಂಟಿನ ಲೆಕ್ಕದಲ್ಲಿ ಅಂದಿನ ಮಳೆಯನ್ನು ಲಿಬ್ರೆ ಆಫೀಸಿನ ಹಾಳೆಯಲ್ಲಿ ಬರೆಯುತ್ತಾರೆ, ಸಂಜೆ ಚೆಕ್‌ರೋಲ್ (ತೋಟದ ಆಳುಗಳ ಹಾಜರಿ ಪಟ್ಟಿ) ತುಂಬುತ್ತಾರೆ, ನಡುವೆ ಪಂಚಾಯಿತಿಗೋ ಸಹಕಾರ ಸಂಘಕ್ಕೋ ಕನ್ನಡದಲ್ಲಿ ಒಂದು ಅರ್ಜಿ ಟೈಪು ಮಾಡುತ್ತಾರೆ. ಇಷ್ಟಕ್ಕೆ ಅವರಿಗೆ ಬೇಕಾದದ್ದು ಪರದೆಯ ಕೆಳಗೆ, ತೆರೆದಿರುವ ಕಿಟಕಿಗಳ ಹೆಸರು ಕಾಣುವ ಒಂದು ಪಟ್ಟಿ. ಉಬುಂಟುವಿನ ಜೊತೆಗೇ ಬರುವ ಡೆಸ್ಕ್‌ಟಾಪ್, ಅಂದರೆ ಕಿಟಕಿ, ಮೆನು ತೋರಿಸುವ ಭಾಗ, ಗ್ನೋಮ್. ಅದರಲ್ಲಿ ಈ ಪಟ್ಟಿ ಇಲ್ಲದ ಕಾರಣ ಡ್ಯಾಶ್ ಟು ಪ್ಯಾನೆಲ್ ಎಂಬ ಎಕ್ಸ್‌ಟೆನ್ಶನ್ (ಮೇಲಿನಿಂದ ಸೇರಿಸುವ ಸಣ್ಣ ಪ್ರೋಗ್ರಾಮು) ಹಾಕಿಕೊಟ್ಟಿದ್ದೆ. ಅಪ್‌ಗ್ರೇಡ್ ಮುಗಿದು ಯಂತ್ರ ಮತ್ತೆ ಶುರುವಾದಾಗ ಆ ಪಟ್ಟಿ ಇರಲಿಲ್ಲ. ತಂದೆಯವರು ಚೆಕ್‌ರೋಲ್ ತೆರೆದೊಡನೆ ಮಳೆಯ ಹಾಳೆ ಅದರ ಹಿಂದೆ ಮರೆಯಾಯಿತು. ಹನ್ನೆರಡು ವರ್ಷದ ಮಳೆ ಲೆಕ್ಕವೇ ಅಳಿಸಿಹೋಯಿತೆಂದು ಭಾವಿಸಿ ಮೂರು ದಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟು, ನಾನು ಮೈಸೂರಿನಿಂದ ಬರುವವರೆಗೆ ಯಾರಿಗೂ ಹೇಳದೆ ಕುಳಿತಿದ್ದರು.

ಎರಡನೆಯದು ಅಕ್ಷರದ ಗಾತ್ರ. ನೂರು ಪರ್ಸೆಂಟಿನಲ್ಲಿ ಅವರಿಗೆ ಓದಲಾಗದು, ಇನ್ನೂರರಲ್ಲಿ ಹಾಳೆಯ ಕಾಲುಭಾಗವೂ ಕಾಣದು. 125 ಇಟ್ಟರೆ ಬ್ಯಾಂಕಿನ ಕೆಲಸಕ್ಕೆ ಬಳಸುವ ಬ್ರೌಸರಿನ ಅಕ್ಷರಗಳು ಮಂಜು ಕವಿದ ಗಾಜಿನ ಹಿಂದೆ ಇಟ್ಟಂತೆ ಕಾಣುತ್ತವೆ, ಫ್ಯಾನ್ ಕೂಡ ಮೊದಲಿಗಿಂತ ಹೆಚ್ಚು ತಿರುಗುತ್ತದೆ.

ಇದರಿಂದ ಬೇಸತ್ತು ಅದೇ ಉಬುಂಟುವಿನ ಮೇಲೆ ಕೆಡಿಇ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪ್ ಹಾಕಿದೆ. ಪಟ್ಟಿಯೇನೋ ಬಂತು. ಆದರೆ ಮೆನುವಿನಲ್ಲಿ ಎಲ್ಲವೂ ಎರಡೆರಡಾಗಿದೆ, ಲಾಗಿನ್ ಪರದೆ ಬದಲಾಗಿದೆ, ಕನ್ನಡ ಟೈಪಿಂಗ್ ಕೆಲವು ಪ್ರೋಗ್ರಾಮುಗಳಲ್ಲಿ ಬರುತ್ತದೆ, ಕೆಲವದರಲ್ಲಿ ಬರುವುದಿಲ್ಲ. ಇಂಥದ್ದನ್ನು ಪಾರು ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ತೋರಿಸಿ.

ಗೋಣಿಕೊಪ್ಪ ರಿಪೇರಿ · ಜುಲೈ 6, ರಾತ್ರಿ 10.25

ಬೆಳೆಗಾರರೇ, ಮೊದಲು ಒಂದು ಮಾತು, ಬೇಸರಿಸಬೇಡಿ. ಒಂದೇ ಬಳಕೆದಾರರ ಖಾತೆಯಲ್ಲಿ ಎರಡು ಡೆಸ್ಕ್‌ಟಾಪ್ ಹಾಕುವುದು ನನ್ನ ಅಂಗಡಿಗೆ ಬರುವ ಲಿನಕ್ಸ್ ಯಂತ್ರಗಳಲ್ಲಿ ನಾನು ಹೆಚ್ಚು ಕಾಣುವ ತಪ್ಪು. ಎರಡೂ ಆ ಖಾತೆಯ ಒಂದೇ ಹೋಮ್ ಫೋಲ್ಡರಿನ ಸೆಟ್ಟಿಂಗ್ ಫೈಲುಗಳನ್ನು ತಮ್ಮ ತಮ್ಮ ಇಷ್ಟಕ್ಕೆ ತಿದ್ದುತ್ತವೆ. ಒಂದರ ಥೀಮು, ಐಕಾನು, ಪಾಸ್‌ವರ್ಡಿನ ಪೆಟ್ಟಿಗೆ ಇನ್ನೊಂದರಲ್ಲಿ ಹೋಗಿ ಸೇರಿಕೊಳ್ಳುತ್ತವೆ. ಬೇರೆ ಡೆಸ್ಕ್‌ಟಾಪ್ ನೋಡಬೇಕಿದ್ದರೆ ಪೆನ್‌ಡ್ರೈವಿನಿಂದ ಲೈವ್ ಆಗಿ ಚಾಲೂ ಮಾಡಿ ನೋಡಿ, ಇಲ್ಲವೇ ಪರೀಕ್ಷೆಗೆಂದೇ ಹೊಸ ಬಳಕೆದಾರರನ್ನು ಸೃಷ್ಟಿಸಿ.

ಎಕ್ಸ್‌ಟೆನ್ಶನ್ ಹೋದದ್ದರಲ್ಲಿ ಆಶ್ಚರ್ಯವಿಲ್ಲ. 22.04ರಲ್ಲಿ ಇದ್ದದ್ದು ಗ್ನೋಮ್ 42, 24.04ರಲ್ಲಿ ಇರುವುದು 46. ನಡುವೆ 2023ರ ಸೆಪ್ಟೆಂಬರಿನಲ್ಲಿ ಬಂದ 45ರಲ್ಲಿ ಎಕ್ಸ್‌ಟೆನ್ಶನ್ ಬರೆಯುವ ಕ್ರಮವನ್ನೇ ಬದಲಾಯಿಸಿದ್ದರಿಂದ, ಹಿಂದಿನದಕ್ಕೆ ಬರೆದ ಒಂದು ಎಕ್ಸ್‌ಟೆನ್ಶನ್ನೂ ತಿದ್ದದೆ ನಡೆಯುವಂತಿರಲಿಲ್ಲ. ಡ್ಯಾಶ್ ಟು ಪ್ಯಾನೆಲ್‌ಗೆ 46ರ ಆವೃತ್ತಿ ಬಂದಿದೆ, ಅಪ್‌ಡೇಟ್ ಮಾಡಿದರೆ ಪಟ್ಟಿ ಮರಳುತ್ತದೆ. ಮುಂದಿನ ಅಪ್‌ಗ್ರೇಡಿನಲ್ಲಿ ಮತ್ತೆ ಇದೇ ಕಥೆಯಾದರೆ ನನ್ನನ್ನು ದೂರಬೇಡಿ.

ಮಡಿಕೇರಿ ಮಂಜು · ಜುಲೈ 7, ಬೆಳಗ್ಗೆ 7.50

ಗ್ನೋಮ್ ಪರವಾಗಿ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವನು, ಆರು ವರ್ಷದಿಂದ ಎಕ್ಸ್‌ಟೆನ್ಶನ್ ಒಂದೂ ಇಲ್ಲದ ಗ್ನೋಮ್‌ನಲ್ಲಿದ್ದೇನೆ. ಟಚ್‌ಪ್ಯಾಡಿನ ಮೇಲೆ ಮೂರು ಬೆರಳು ಸರಿಸಿದರೆ ಒಂದು ಕಾರ್ಯಕ್ಷೇತ್ರದಿಂದ ಇನ್ನೊಂದಕ್ಕೆ ಹೋಗುವ ಸುಖವನ್ನು ಒಮ್ಮೆ ಕಂಡವರಿಗೆ ಕೆಳಗಿನ ಪಟ್ಟಿ ನೆನಪಾಗುವುದಿಲ್ಲ.

ಎಕ್ಸ್‌ಟೆನ್ಶನ್ ಮುರಿಯುವುದಕ್ಕೂ ಕಾರಣವಿದೆ. ಗ್ನೋಮ್ ಎಕ್ಸ್‌ಟೆನ್ಶನ್ ಬ್ರೌಸರಿನದರಂತೆ ಹೊರಗೆ ನಿಂತು ಬಾಗಿಲು ತಟ್ಟುವಂಥದ್ದಲ್ಲ. ಅದು ಶೆಲ್ ಎಂಬ ಮುಖ್ಯ ಪ್ರೋಗ್ರಾಮಿನ ಒಳಗೇ ಓಡುತ್ತ ಅದರ ಕೋಡನ್ನು ಓಡುತ್ತಿರುವಾಗಲೇ ತಿದ್ದುತ್ತದೆ. ಹಾಗಾಗಿ ಅದರ ಕೈಗೆ ಎಟುಕದ್ದು ಇಲ್ಲ, ಒಳಗೆ ಒಂದು ಹೆಸರು ಬದಲಾದರೂ ಅದು ನಿಲ್ಲದಿರುವುದಿಲ್ಲ. ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಶೆಲ್ಲೇ ಪರದೆಯನ್ನು ಚಿತ್ರಿಸುವ ಯಜಮಾನನಾದ್ದರಿಂದ, ಕೆಟ್ಟ ಎಕ್ಸ್‌ಟೆನ್ಶನ್ ಒಂದು ಶೆಲ್ಲನ್ನು ಬೀಳಿಸಿದರೆ ತೆರೆದಿದ್ದ ಎಲ್ಲ ಕಿಟಕಿಗಳೂ ಅದರ ಜೊತೆಗೆ ಹೋಗುತ್ತವೆ. ಡ್ಯಾಶ್ ಟು ಪ್ಯಾನೆಲ್ ಬರೆಯುವವರು ಗ್ನೋಮ್ ತಂಡದವರಲ್ಲ, ಬಿಡುವಿನಲ್ಲಿ ದುಡಿಯುವ ಬೇರೆ ಜನ. ಗ್ನೋಮ್ ಕೊಡುವುದಾಗಿ ಎಂದೂ ಹೇಳದ ಒಂದು ವಸ್ತುವನ್ನು ಅದರ ಮೇಲೆ ಕಟ್ಟಿಕೊಂಡು, ಕಟ್ಟಿದ್ದು ಬಿದ್ದಾಗ ಗ್ನೋಮ್ ಅನ್ನು ಬೈಯುವುದು ಎಷ್ಟು ಸರಿ?

ನಾಪೋಕ್ಲು ಬೆಳೆಗಾರ · ಜುಲೈ 7, ಮಧ್ಯಾಹ್ನ 1.30

ಮಂಜು ಅವರೇ, ಕಾರಣ ಅರ್ಥವಾಯಿತು. ಆದರೆ ನಮ್ಮ ತಂದೆಗೆ 71 ವರ್ಷ. ಮೂರು ಬೆರಳಿನ ಸುಖವನ್ನು ಅವರಿಗೆ ತೋರಿಸಲು ನಾನೂ ಪ್ರಯತ್ನಿಸಿದೆ. ಸೌದೆ, ಗುದ್ದಲಿ ಹಿಡಿದು ಗಟ್ಟಿಯಾದ ಬೆರಳುಗಳನ್ನು ಟಚ್‌ಪ್ಯಾಡ್ ಒಮ್ಮೆ ಎರಡೆಂದು ಎಣಿಸುತ್ತದೆ, ಒಮ್ಮೆ ಮೂರೆಂದು. ಗ್ನೋಮ್ ಕೊಡುತ್ತೇನೆಂದು ಎಂದೂ ಹೇಳಿರಲಿಲ್ಲ ಎಂಬುದಕ್ಕೂ ನನ್ನ ತಕರಾರಿದೆ. 2011ರ ಏಪ್ರಿಲಿನಲ್ಲಿ ಮೂರನೇ ಗ್ನೋಮ್ ಬರುವವರೆಗೂ ಅದರಲ್ಲಿ ಕೆಳಗೆ ಕಿಟಕಿಗಳ ಪಟ್ಟಿ ಇತ್ತು, ಕಿಟಕಿಯನ್ನು ಕೆಳಗಿಳಿಸುವ ಗುಂಡಿ ಇತ್ತು, 2018ರ 3.28 ಬರುವವರೆಗೆ ಡೆಸ್ಕ್‌ಟಾಪಿನ ಮೇಲೆ ಫೈಲ್ ಇಡುವ ಸೌಕರ್ಯವೂ ಇತ್ತು. ಇಲ್ಲದ್ದನ್ನು ನಾವು ಕೇಳುತ್ತಿಲ್ಲ, ಇದ್ದದ್ದನ್ನು ತೆಗೆದರಲ್ಲ ಎಂದು ಕೇಳುತ್ತಿದ್ದೇವೆ.

ಸೋಮವಾರಪೇಟೆ ಮೇಷ್ಟ್ರು · ಜುಲೈ 7, ಸಂಜೆ 6.05

ನಮ್ಮ ಶಾಲೆಯಲ್ಲಿ ದಾನಿಗಳು ಕೊಟ್ಟ ಹಳೆಯ ಲ್ಯಾಪ್‌ಟಾಪುಗಳಿವೆ, ಒಂದೊಂದರಲ್ಲೂ 4 ಜಿಬಿ. ಅವುಗಳ ಮೇಲೆ ಗ್ನೋಮ್ ಉಸಿರುಗಟ್ಟಿದ್ದನ್ನು ಕಂಡು ಎಕ್ಸ್‌ಎಫ್‌ಸಿಇ ಹಾಕಿದ್ದೇವೆ. 1996ರಿಂದ ಇರುವ ಡೆಸ್ಕ್‌ಟಾಪ್, ಕೆಡಿಇಯ ಓರಗೆಯದು. ಮುಖ ಬದಲಾಯಿಸುವ ಅವಸರವೇ ಅದಕ್ಕಿಲ್ಲ, ಅದೇ ನನಗೆ ಹಿಡಿಸಿದ್ದು.

ದೂರು ಇಲ್ಲವೆಂದಲ್ಲ. ಅದರಲ್ಲಿ ಎಲ್ಲವನ್ನೂ ಬದಲಾಯಿಸಬಹುದು, ಅಂದರೆ ಮಕ್ಕಳೂ ಎಲ್ಲವನ್ನೂ ಬದಲಾಯಿಸಬಹುದು. ಆರನೇ ತರಗತಿಯ ಒಬ್ಬ ಹುಡುಗ ಪ್ಯಾನೆಲ್ಲಿನ ಮೇಲೆ ಬಲ ಗುಂಡಿ ಒತ್ತಿ, ಏನೋ ಆಯ್ದು, ಇಡೀ ಪ್ಯಾನೆಲ್ಲನ್ನೇ ತೆಗೆದುಬಿಟ್ಟ. ಬರಿಯ ನೀಲಿ ಪರದೆಯ ಮುಂದೆ ಕೈಕಟ್ಟಿ ನಿಂತವನನ್ನು ಬೈಯಲೂ ನನಗೆ ಮನಸ್ಸು ಬರಲಿಲ್ಲ. ಬಳಿಕ ಸೆಟ್ಟಿಂಗಿನ ಫೈಲುಗಳನ್ನು ವ್ಯವಸ್ಥಾಪಕರ ಹೆಸರಿನಲ್ಲಿ ಬೀಗ ಹಾಕುವ ಕಿಯಾಸ್ಕ್ ವಿಧಾನವನ್ನು ಓದಿ ತಿಳಿದುಕೊಂಡೆ. ಗಡಿಯಾಚೆ ಕೇರಳದ ಶಾಲೆಗಳಿಗೆ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನೇ ತನಗೆ ಬೇಕಾದಂತೆ ಹೊಂದಿಸಿ, ಪಾಠಕ್ಕೆ ಬೇಕಾದ ಪ್ರೋಗ್ರಾಮುಗಳೊಡನೆ ಕೊಡುತ್ತದೆ. ಇಲ್ಲಿ ಆ ಹೊಂದಿಸುವ ಕೆಲಸ ಒಬ್ಬೊಬ್ಬ ಮೇಷ್ಟ್ರ ಭಾನುವಾರವನ್ನು ತಿನ್ನುತ್ತದೆ.

ವಿರಾಜಪೇಟೆ ಡಿಟಿಪಿ · ಜುಲೈ 7, ರಾತ್ರಿ 8.40

ಮದುವೆ ಕಾಗದ, ಬ್ಯಾನರ್, ಸ್ಮರಣ ಸಂಚಿಕೆಗಳ ಕೆಲಸ ನನ್ನದು. ಅಂಗಡಿಯ ಮುಖ್ಯ ಯಂತ್ರ ಇಂದಿಗೂ ವಿಂಡೋಸಿನಲ್ಲಿದೆ. ಗಿರಾಕಿಗಳು ತರುವ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫೈಲುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುವುದರಿಂದ ಆ ಫಾಂಟ್ ಇಲ್ಲದೆ ತೆರೆದರೆ ಬರಿಯ ಗೋಜಲು ಕಾಣುತ್ತದೆ. ಅದು ಲಿನಕ್ಸ್ ಡೆಸ್ಕ್‌ಟಾಪಿನ ತಪ್ಪಲ್ಲ, ಯೂನಿಕೋಡಿಗೆ ಬಾರದ ನಮ್ಮೆಲ್ಲರ ಸೋಮಾರಿತನ. ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ನಾಲ್ಕು ವರ್ಷದಿಂದ ಲಿನಕ್ಸ್ ಇಟ್ಟಿದ್ದೇನೆ.

ನನ್ನನ್ನು ಅತಿಯಾಗಿ ಕಾಡಿದ್ದು ಫೈಲ್ ಆರಿಸುವ ಕಿಟಕಿ. ಮದುವೆಯ ಮುನ್ನೂರು ಫೋಟೋಗಳಲ್ಲಿ ಒಂದನ್ನು ಮೇಲ್‌ಗೆ ಸೇರಿಸಬೇಕಿದ್ದರೆ, ಚಿತ್ರಗಳ ಚಿಕ್ಕ ರೂಪ ಕಾಣುವ ಬದಲು ಕ್ಯಾಮೆರಾ ಕೊಟ್ಟ ಸಂಖ್ಯೆಗಳ ಪಟ್ಟಿ ಬರುತ್ತಿತ್ತು. ಒಂದೊಂದನ್ನೇ ಒತ್ತಿ ಪಕ್ಕದಲ್ಲಿ ಮೂಡುವ ಚಿತ್ರ ನೋಡಿ, ಅಲ್ಲವೆಂದು ಮುಂದಿನದಕ್ಕೆ ಹೋಗಬೇಕು. ಗ್ನೋಮ್ ಬಳಸುವ ಜಿಟಿಕೆ ಎಂಬ ಪರಿಕರದಲ್ಲಿ ಇದನ್ನು ಸರಿಪಡಿಸಿ ಎಂಬ ಕೋರಿಕೆ ದಾಖಲಾದದ್ದು 2004ರಲ್ಲಿ. ಅದು ಈಡೇರಿದ್ದು 2023ರ ಮಾರ್ಚಿನ ಗ್ನೋಮ್ 44ರ ಹೊತ್ತಿಗೆ. ಕೋರಿಕೆ ಬರೆದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಕಾಲೇಜು ಸೇರಿತ್ತು. ಅದೂ ಹೊಸ ಜಿಟಿಕೆ ಬಳಸುವ ಕಿಟಕಿಗಳಲ್ಲಿ ಮಾತ್ರ; ಹಳೆಯದರಲ್ಲೇ ಉಳಿದ ಪ್ರೋಗ್ರಾಮುಗಳಲ್ಲಿ ಈಗಲೂ ಸಂಖ್ಯೆಗಳೇ.

ಬೆಳೆಗಾರರ ತಂದೆ ಯಾವ ಕೀಲಿಮಣೆಯಲ್ಲಿ ಟೈಪು ಮಾಡುತ್ತಾರೆ ಎಂದು ತಿಳಿದರೆ ಕನ್ನಡದ ತೊಂದರೆಗೆ ಉತ್ತರ ಸಿಗಬಹುದು.

ನಾಪೋಕ್ಲು ಬೆಳೆಗಾರ · ಜುಲೈ 7, ರಾತ್ರಿ 9.15

ಅಕ್ಕಾ, ನುಡಿಯ ಕ್ರಮವೇ. ಎಫ್ ಒತ್ತಿದರೆ ಅರ್ಧಾಕ್ಷರ ಬರುವಂಥದ್ದು. ಗ್ನೋಮ್‌ನಲ್ಲಿ ಐಬಸ್ ಮೂಲಕ ಅದನ್ನು ಸೇರಿಸಿದ್ದೆ.

ಮಡಿಕೇರಿ ಮಂಜು · ಜುಲೈ 7, ರಾತ್ರಿ 11.00

ಅಕ್ಕ ಕೇಳಿದ ಪ್ರಶ್ನೆಯಲ್ಲೇ ಪರಿಹಾರವಿದೆ. ಲಿನಕ್ಸಿನಲ್ಲಿ ಕನ್ನಡ ಟೈಪಿಸಲು ಎರಡು ಬೇರೆ ಬೇರೆ ದಾರಿಗಳಿವೆ, ಎರಡನ್ನೂ ಒಂದೆಂದು ತಿಳಿಯುವುದರಿಂದಲೇ ಅರ್ಧ ಗೊಂದಲ. ಒಂದು ಐಬಸ್‌ನಂಥ ಇನ್‌ಪುಟ್ ಮೆಥಡ್: ನೀವು ಒತ್ತಿದ ಕೀಲಿಗಳನ್ನು ಅದು ನಡುವೆ ಹಿಡಿದು, ಅಕ್ಷರ ಮಾಡಿ, ಪ್ರೋಗ್ರಾಮಿಗೆ ಕೊಡುತ್ತದೆ. ಇದಕ್ಕೆ ಡೆಸ್ಕ್‌ಟಾಪ್, ಪ್ರೋಗ್ರಾಮು, ಐಬಸ್ ಮೂರೂ ಒಂದೇ ಭಾಷೆಯಲ್ಲಿ ಮಾತಾಡಬೇಕು. ಗ್ನೋಮ್ ಐಬಸನ್ನು ತಾನೇ ಚಾಲೂ ಮಾಡಿಕೊಳ್ಳುತ್ತದೆ. ಪ್ಲಾಸ್ಮಾ ಹಾಗೆ ಮಾಡುವುದಿಲ್ಲ, ಅದರಲ್ಲೂ ವೇಲ್ಯಾಂಡ್ ಸೆಷನ್ನಿನಲ್ಲಿ ಸೆಟ್ಟಿಂಗ್ಸಿನ ವರ್ಚುವಲ್ ಕೀಬೋರ್ಡ್ ಎಂಬ ಪುಟಕ್ಕೆ ಹೋಗಿ ನಾವೇ ಆರಿಸಬೇಕು. ಕೀಬೋರ್ಡ್ ಕೈಯಲ್ಲೇ ಇರುವಾಗ ವರ್ಚುವಲ್ ಎಂಬ ಪುಟದೊಳಗೆ ಯಾರು ಹುಡುಕುತ್ತಾರೆ ಎಂದು ಪ್ಲಾಸ್ಮಾ ಅಭಿಮಾನಿಗಳೇ ಹೇಳಬೇಕು. ಕ್ರೋಮಿಯಂ ಆಧಾರಿತ ಕೆಲವು ಪ್ರೋಗ್ರಾಮುಗಳಂತೂ ವೇಲ್ಯಾಂಡ್‌ನಲ್ಲಿ ಬೇರೆ ಸೂಚನೆ ಕೊಟ್ಟು ತೆರೆದರಷ್ಟೇ ಐಬಸ್ ಮಾತು ಕೇಳುತ್ತವೆ.

ಇನ್ನೊಂದು ದಾರಿ ಇಂಗ್ಲಿಷಿಗೆ, ಫ್ರೆಂಚಿಗೆ ಇರುವಂಥ ಸಾಮಾನ್ಯ ಕೀಬೋರ್ಡ್ ಲೇಔಟ್. ನುಡಿಯ ಕ್ರಮದಲ್ಲಿ ಒಂದು ಕೀಲಿಗೆ ಒಂದು ಸಂಕೇತ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಸಾಕು, ನಡುವೆ ಯಾರೂ ಯೋಚಿಸಬೇಕಿಲ್ಲ. ಆದ್ದರಿಂದ ಅದನ್ನು ಇನ್‌ಪುಟ್ ಮೆಥಡ್ ಇಲ್ಲದೆ ಬರಿಯ ಲೇಔಟ್ ಆಗಿಯೂ ಕೊಡಲು ಸಾಧ್ಯ, ಕೊಟ್ಟೂ ಇದ್ದಾರೆ: ಕೀಬೋರ್ಡ್ ಲೇಔಟುಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಫೊನೆಟಿಕ್ ಎಂದು ಹುಡುಕಿ. ಐಬಸ್ ತೆಗೆದುಹಾಕಿ ಇದನ್ನು ಸೇರಿಸಿದರೆ ಗ್ನೋಮ್, ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಎಕ್ಸ್11 (ವೇಲ್ಯಾಂಡ್‌ಗೆ ಹಿಂದಿನ ವ್ಯವಸ್ಥೆ), ವೇಲ್ಯಾಂಡ್ ಯಾವುದೇ ಇರಲಿ, ಇಂಗ್ಲಿಷ್ ಬರುವಲ್ಲೆಲ್ಲ ಕನ್ನಡವೂ ಬರುತ್ತದೆ. ಇಂಗ್ಲಿಷ್ ಕಾಗುಣಿತ ಒತ್ತಿ ಕನ್ನಡ ಪಡೆಯುವ, ಬರಹ ಎಂಬ ತಂತ್ರಾಂಶದ ಕ್ರಮದವರಿಗೆ ಮಾತ್ರ ಇದು ಒದಗದು. ಅವರಿಗೆ ಐಬಸ್ ಬೇಕೇ ಬೇಕು.

ಶನಿವಾರಸಂತೆ–ಬೆಂಗಳೂರು · ಜುಲೈ 8, ಬೆಳಗ್ಗೆ 9.20

ಒಂದು ಅಡ್ಡ ಪ್ರಶ್ನೆ. ಅಪ್ಪ ಅಮ್ಮ ಊರಿನಲ್ಲಿದ್ದಾರೆ, ಅವರ ಲ್ಯಾಪ್‌ಟಾಪನ್ನು ನಾನು ಇಲ್ಲಿಂದಲೇ ನೋಡಿಕೊಳ್ಳುತ್ತಿದ್ದೆ. ವೇಲ್ಯಾಂಡ್ ಬಂದ ಮೇಲೆ ಪ್ರತಿ ಸಲವೂ ಅವರ ಪರದೆಯಲ್ಲಿ ‘ಹಂಚಿಕೊಳ್ಳಲೇ’ ಎಂಬ ಪ್ರಶ್ನೆ ಮೂಡುತ್ತದೆ, ಅಮ್ಮ ಹೆದರಿ ಬೇಡ ಎಂದು ಒತ್ತುತ್ತಾರೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇರುವುದೇ ದಿನಕ್ಕೆ ಒಂದೆರಡು ಗಂಟೆ, ಅದೂ ಹೀಗೆ ಕಳೆಯುತ್ತದೆ.

ಗೋಣಿಕೊಪ್ಪ ರಿಪೇರಿ · ಜುಲೈ 8, ಬೆಳಗ್ಗೆ 10.45

ಅಮ್ಮ ಬೇಡ ಎಂದು ಒತ್ತಿದ್ದೇ ಸರಿ, ಅಪರಿಚಿತ ಪ್ರಶ್ನೆಗೆ ಒಪ್ಪಿಗೆ ಕೊಡುವವರ ಯಂತ್ರಗಳೇ ನನ್ನ ಅಂಗಡಿಗೆ ಬರುವುದು. 1987ರಿಂದ ನಡೆದುಬಂದ ಎಕ್ಸ್11ರಲ್ಲಿ ತೆರೆದಿರುವ ಯಾವ ಪ್ರೋಗ್ರಾಮೂ ಬೇರೆಲ್ಲದರ ಕೀಲಿ ಒತ್ತನ್ನು ಓದಬಹುದು, ಪರದೆಯ ಚಿತ್ರ ತೆಗೆಯಬಹುದು. ಅದನ್ನು ತಡೆಯುವುದಕ್ಕೇ ವೇಲ್ಯಾಂಡ್ ಒಪ್ಪಿಗೆ ಕೇಳುತ್ತದೆ. ಸದ್ಯಕ್ಕೆ ಲಾಗಿನ್ ಪರದೆಯ ಮೂಲೆಯ ಚಕ್ರ ಒತ್ತಿ ಎಕ್ಸಾರ್ಗ್ (ಅಂದರೆ ಎಕ್ಸ್11) ಸೆಷನ್ ಆರಿಸಿದರೆ ನಿಮ್ಮ ಕೆಲಸ ನಡೆಯುತ್ತದೆ. ಬಹಳ ದಿನ ನಂಬಬೇಡಿ: ಅಕ್ಟೋಬರಿನ ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್11 ಸೆಷನ್ ಇರುವುದಿಲ್ಲವೆಂದು ಹೋದ ತಿಂಗಳೇ ಪ್ರಕಟಿಸಿದ್ದಾರೆ.

ಬೆಳೆಗಾರರಿಗೆ ನನ್ನ ಸಲಹೆ, ಉಬುಂಟುವಿನ ಬದಲು ಲಿನಕ್ಸ್ ಮಿಂಟ್, ಅದರ ಸಿನಮನ್ ಎಂಬ ಡೆಸ್ಕ್‌ಟಾಪ್. 2011ರಲ್ಲಿ ಗ್ನೋಮ್ ಮುಖ ಬದಲಾಯಿಸಿದಾಗ ಸಿಟ್ಟಾದವರು ಎರಡು ದಾರಿ ಹಿಡಿದರು. ಕೆಲವರು ಹಳೆಯ ಗ್ನೋಮ್ 2 ಅನ್ನೇ ಮುಂದುವರಿಸಿ ಮಾಟೆ ಎಂದು ಹೆಸರಿಟ್ಟರು, ಅದು ದಕ್ಷಿಣ ಅಮೆರಿಕದವರು ಕುದಿಸಿ ಕುಡಿಯುವ ಒಂದು ಸೊಪ್ಪು. ಮಿಂಟ್ ತಂಡ ಹೊಸದರ ಮೇಲೆ ಹಳೆಯ ರೂಪ ಕಟ್ಟಿ ದಾಲ್ಚಿನ್ನಿಯ ಹೆಸರಿಟ್ಟಿತು. ಕಾಫಿಯನ್ನು ಯಾರೂ ನೆನೆಯಲಿಲ್ಲ. ಸಿನಮನ್‌ನಲ್ಲಿ ಕೆಳಗಿನ ಪಟ್ಟಿ ಹುಟ್ಟಿನಿಂದಲೇ ಇದೆ, ಎಕ್ಸ್‌ಟೆನ್ಶನ್ ಬೇಕಿಲ್ಲ. ಮಿಂಟ್ 22ರ ಸರಣಿ ನಿಮ್ಮ ಉಬುಂಟು 24.04ರ ಅಡಿಪಾಯದ್ದೇ, 2029ರವರೆಗೆ ಅಪ್‌ಡೇಟ್ ಬರುತ್ತದೆ.

ಅಕ್ಷರದ ವಿಷಯ: 125 ಪರ್ಸೆಂಟ್ ಎಂಬ ಸ್ಕೇಲಿಂಗನ್ನು ಮುಟ್ಟಬೇಡಿ. ಎಕ್ಸ್11ಗೆಂದು ಬರೆದ ಪ್ರೋಗ್ರಾಮನ್ನು ನಿಮ್ಮ ಈಗಿನ ಗ್ನೋಮ್ ಚಿಕ್ಕದಾಗಿಯೇ ಬರೆಯಿಸಿ, ಆ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ, ಅದಕ್ಕೇ ನಿಮ್ಮ ಬ್ರೌಸರಿಗೆ ಮಂಜು. ಸ್ಕೇಲನ್ನು ನೂರರಲ್ಲೇ ಬಿಟ್ಟು ಫಾಂಟ್ ಪುಟದಲ್ಲಿ ಟೆಕ್ಸ್ಟ್ ಸ್ಕೇಲಿಂಗ್ ಅನ್ನು 1.25 ಮಾಡಿ. ಅಕ್ಷರಗಳಷ್ಟೇ ದೊಡ್ಡದಾಗುತ್ತವೆ, ಅಂಚು ಚೂಪಾಗಿರುತ್ತದೆ, ಫ್ಯಾನಿಗೂ ಕೆಲಸವಿಲ್ಲ.

ಮಡಿಕೇರಿ ಮಂಜು · ಜುಲೈ 8, ಮಧ್ಯಾಹ್ನ 12.10

ಮಿಂಟಿಗೆ ನನ್ನ ವಿರೋಧವಿಲ್ಲ. ಆದರೆ ಸಿನಮನ್‌ನ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲೇ ಇದೆ, ನಿಜವಾದ ಕೆಲಸ ಎಕ್ಸ್11ರಲ್ಲಿ. ನಾಲ್ಕು ವರ್ಷದ ಬಳಿಕ ಅವರೂ ದಾಟಲೇಬೇಕು.

ಗೋಣಿಕೊಪ್ಪ ರಿಪೇರಿ · ಜುಲೈ 8, ಮಧ್ಯಾಹ್ನ 12.25

ಒಪ್ಪಿದೆ. ಆ ಲ್ಯಾಪ್‌ಟಾಪಿಗೆ ಆಗ ಹನ್ನೆರಡು ವರ್ಷವಾಗಿರುತ್ತದೆ.

ನಾಪೋಕ್ಲು ಬೆಳೆಗಾರ · ಜುಲೈ 20, ಸಂಜೆ 7.30

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಎಂಟು ದಿನ ಕರೆಂಟಿರಲಿಲ್ಲ, ಮರ ಬಿದ್ದು ಎರಡು ಕಂಬ ಮುರಿದಿದ್ದವು. ಮೊದಲು ಪೆನ್‌ಡ್ರೈವಿನಿಂದ ಸಿನಮನ್ನನ್ನೂ ಮಾಟೆಯನ್ನೂ ಲೈವ್ ಆಗಿ ತೋರಿಸಿದೆ. ತಂದೆಯವರು ಹೆಸರಾಗಲಿ ಬಣ್ಣವಾಗಲಿ ಕೇಳಲಿಲ್ಲ, ಎರಡರಲ್ಲೂ ಮಳೆಯ ಹಾಳೆ ತೆರೆದು, ಕೆಳಗಿಳಿಸಿ, ಮತ್ತೆ ಮೇಲೆ ತಂದು ನೋಡಿದರು. ಸಿನಮನ್‌ನಲ್ಲಿ ಪಟ್ಟಿಯ ಮೇಲೆ ಬಾಣವಿಟ್ಟರೆ ಕಿಟಕಿಯ ಚಿಕ್ಕ ಚಿತ್ರ ಕಾಣುತ್ತದೆ. ಅದನ್ನು ನೋಡಿ, ಇದೇ ಇರಲಿ ಎಂದರು. ಫೈಲುಗಳನ್ನೆಲ್ಲ ಹಾರ್ಡ್‌ಡಿಸ್ಕಿಗೆ ಇಳಿಸಿಟ್ಟು ಮಿಂಟ್ ಹಾಕಿದೆ.

ಕಗಪ ಲೇಔಟ್ ಸೇರಿಸಿದ್ದೇನೆ. ಲಿಬ್ರೆ ಆಫೀಸ್, ಬ್ರೌಸರ್, ಫೈಲಿಗೆ ಹೆಸರಿಡುವ ಜಾಗ, ಎಲ್ಲೆಡೆಯೂ ಕನ್ನಡ ಬರುತ್ತಿದೆ. ಐಬಸ್ ಈಗ ಇಲ್ಲವೇ ಇಲ್ಲ. ಮಂಜು ಅವರಿಗೂ ಪ್ರಶ್ನೆ ಕೇಳಿದ ಅಕ್ಕನಿಗೂ ವಂದನೆಗಳು. ಅಕ್ಷರವನ್ನು 1.25 ಮಾಡಿದಾಗ ಒಂದೆರಡು ಕಿಟಕಿಗಳಲ್ಲಿ ಗುಂಡಿಗಳು ಪರದೆಯ ಕೆಳಗೆ ಹೋದವು, 1.2ರಲ್ಲಿ ಸರಿಹೋಯಿತು.

ಒಂದು ಪೀಡೆ ಮಾತ್ರ ಹೋಗಿಲ್ಲ. ಟಚ್‌ಪ್ಯಾಡಿನಲ್ಲಿ ಎರಡು ಬೆರಳು ಸ್ವಲ್ಪ ಜಾರಿಸಿದರೆ ಸಾಕು, ಮಳೆಯ ಹಾಳೆ ಜೂನಿನಿಂದ ನೇರ ಸೆಪ್ಟೆಂಬರಿಗೆ ಓಡುತ್ತದೆ. ಮೌಸಿನ ಬಾಣದ ವೇಗ ಕಡಿಮೆ ಮಾಡಿದರೂ ಸ್ಕ್ರೋಲ್ ವೇಗ ಕಡಿಮೆಯಾಗುತ್ತಿಲ್ಲ.

ಗೋಣಿಕೊಪ್ಪ ರಿಪೇರಿ · ಜುಲೈ 20, ರಾತ್ರಿ 8.15

ಬಾಣದ ವೇಗ ಬೇರೆ, ಸ್ಕ್ರೋಲಿನ ವೇಗ ಬೇರೆ. ಪ್ಲಾಸ್ಮಾದ ವೇಲ್ಯಾಂಡ್‌ನಲ್ಲಿ ಸ್ಕ್ರೋಲಿಗೆಂದೇ ಒಂದು ಜಾರುಪಟ್ಟಿ ಕೊಟ್ಟಿದ್ದಾರೆ, ಅದನ್ನು ಹೊಗಳಲೇಬೇಕು. ನೀವು ಎಕ್ಸ್11ರಲ್ಲಿ ಇರುವುದರಿಂದ ಟರ್ಮಿನಲ್ ತೆರೆದು ಎಕ್ಸ್‌ಇನ್‌ಪುಟ್ ಎಂಬ ಆದೇಶದಿಂದ ಟಚ್‌ಪ್ಯಾಡಿನ ಗುಣಗಳ ಪಟ್ಟಿ ತೆಗೆಯಿರಿ. ಅದರಲ್ಲಿ ಸ್ಕ್ರೋಲಿಂಗ್ ಪಿಕ್ಸೆಲ್ ಡಿಸ್ಟೆನ್ಸ್ ಎಂಬುದು 15 ಎಂದಿರುತ್ತದೆ. 10ರಿಂದ 50ರವರೆಗೆ ಇಡಬಹುದು, ಸಂಖ್ಯೆ ಹೆಚ್ಚಿದಷ್ಟೂ ನಿಧಾನ. 30 ಮಾಡಿ ನೋಡಿ. ಹಿಡಿಸಿದರೆ ಅದೇ ಆದೇಶವನ್ನು ಸ್ಟಾರ್ಟಪ್ ಪಟ್ಟಿಗೆ ಸೇರಿಸಿ, ಇಲ್ಲವಾದರೆ ಮರುದಿನ ಬೆಳಗ್ಗೆ ಮತ್ತೆ 15ಕ್ಕೆ ಬಂದು ನಿಂತಿರುತ್ತದೆ.

ನಾಪೋಕ್ಲು ಬೆಳೆಗಾರ · ಜುಲೈ 21, ಬೆಳಗ್ಗೆ 8.50

30 ಸಾಲಲಿಲ್ಲ, 45ರಲ್ಲಿ ನಿಂತಿತು. ತಂದೆಯವರು ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲಿನ ಲೆಕ್ಕವನ್ನು ಹಾಳೆಗೆ ಸೇರಿಸುತ್ತಿದ್ದಾರೆ. ಮಳೆಮಾಪಕದ ಬಳಿಗೆ ಇವತ್ತು ನಾನು ಹೋಗಬೇಕಂತೆ.